ಒಣ ಸೀಮೆಯಲ್ಲೂ ಲೆನ್ಸ್‌ಗೆ ಬೂಷ್ಟು: ಕ್ಯಾಮೆರಾ ಕೈಕೊಟ್ಟಾಗ ಏನು ನೋಡಬೇಕು, ಎಲ್ಲಿ ನಿಲ್ಲಿಸಬೇಕು

ನಮ್ಮೂರು ತುಮಕೂರು. ಇಲ್ಲಿ ಮಳೆಗಿಂತ ಮೋಡವೇ ಜಾಸ್ತಿ. "ಇದೇನು ಮಲೆನಾಡಾ, ಕ್ಯಾಮೆರಾಗೆ ಫಂಗಸ್ ಹಿಡಿಯೋಕೆ?" ಅಂತ ನಾನೂ ನಗುತ್ತಿದ್ದೆ. ಆಮೇಲೆ 2021ರ ನವೆಂಬರ್ ಬಂತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಮಳೆ ಹಿಡಿದುಕೊಂಡಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ನಾವೆಲ್ಲ ಕೋಡಿ ನೋಡಲು ಹೋಗಿ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದೆವು. ಕ್ಯಾಮೆರಾ ಮಾತ್ರ ಬ್ಯಾಗಿನೊಳಗೆ, ಬ್ಯಾಗು ಬೀರುವಿನ ಕೆಳಗಿನ ಖಾನೆಯಲ್ಲಿ, ಬೀರು ನೀರು ಜಿನುಗುತ್ತಿದ್ದ ಗೋಡೆಗೆ ಒರಗಿ.

ಸಂಕ್ರಾಂತಿ ದಿನ ಮಗಳು ಎಳ್ಳು ಬೀರಲು ಹೊರಟಾಗ ಕ್ಯಾಮೆರಾ ಹೊರಗೆ ತೆಗೆದೆ. ಬಾಗಿಲ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದಳು. ಫೋಟೋದಲ್ಲಿ ಅವಳ ಲಂಗದ ಕಡುಗೆಂಪು ಬಣ್ಣ ತೆಳು ಗುಲಾಬಿಯಾಗಿತ್ತು. ಯಾರೋ ಮೇಲಿಂದ ಹಾಲು ಚೆಲ್ಲಿದ ಹಾಗೆ. ಲೆನ್ಸ್ ಕಳಚಿ ಫೋನಿನ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು.

ಅವತ್ತು ಅರ್ಥವಾಗಿದ್ದು ಇಷ್ಟು: ಊರಿನ ಹವೆ ಬೇರೆ, ಬೀರುವಿನೊಳಗಿನ ಹವೆ ಬೇರೆ. ಈ ಬರಹ 18-55 ಕಿಟ್ ಲೆನ್ಸ್ ಜೊತೆ ಬರುವ ಸಾದಾ ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್ ಇಟ್ಟುಕೊಂಡವರಿಗೆ. ಕಣ್ಣಿಗೆ ಏನು ಕಾಣುತ್ತದೋ ಅಲ್ಲಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

## ಕೈ ಹಾಕುವ ಮೊದಲು

ಬೇಕಾಗುವ ಸಾಮಾನು ಕಡಿಮೆ. ಫೋನಿನ ಟಾರ್ಚ್, ರಬ್ಬರಿನ ಗಾಳಿ ಬ್ಲೋವರ್, ತೊಳೆದು ಒಣಗಿಸಿದ ಮೈಕ್ರೋಫೈಬರ್ ಬಟ್ಟೆ, ತೇವಾಂಶ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಸ್ಕ್ರೂಡ್ರೈವರ್ ಮಾತ್ರ ಮುಟ್ಟಬೇಡಿ. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾದ ಬಾಡಿಯೊಳಗೆ ಫ್ಲ್ಯಾಶ್‌ಗೆಂದು ಒಂದು ಕೆಪಾಸಿಟರ್, ಅಂದರೆ ಕರೆಂಟ್ ತುಂಬಿಟ್ಟುಕೊಳ್ಳುವ ಭಾಗ, ಇರುತ್ತದೆ. ಅದರಲ್ಲಿ 300 ವೋಲ್ಟ್ ಆಸುಪಾಸು ತುಂಬಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ತುಂಬಾ ಹೊತ್ತು ಹಾಗೇ ಉಳಿಯಬಹುದು. ವಿಡಿಯೋ ನೋಡಿಕೊಂಡು ಬಾಡಿ ಬಿಚ್ಚಲು ಹೋದವರಿಗೆ ಚೆನ್ನಾಗಿಯೇ ಹೊಡೆಯುತ್ತದೆ.

ಇನ್ನೊಂದು. ಲೆನ್ಸ್ ಪರೀಕ್ಷೆ ಮಾಡಲು ಸೂರ್ಯನ ಕಡೆ ಹಿಡಿದು ಅದರೊಳಗೆ ಕಣ್ಣಿಟ್ಟು ನೋಡಬೇಡಿ. ಕ್ಯಾಪ್ ಹಾಕದ ಲೆನ್ಸನ್ನು ಬಿಸಿಲಲ್ಲಿ ಬಿಟ್ಟರೆ ಅದೊಂದು ಭೂತಗನ್ನಡಿ. ಕೆಳಗೆ ಚಾಪೆ, ಪೇಪರ್ ಇದ್ದರೆ ಹೊತ್ತಿಕೊಳ್ಳಬಹುದು.

## ಫೋಟೋ ಮಬ್ಬು, ಹಾಲು ಬೆರೆತ ಹಾಗೆ

ಎಲ್ಲರೂ ನೇರವಾಗಿ "ಫಂಗಸ್ಸೇ" ಅಂದುಬಿಡುತ್ತಾರೆ. ಎಷ್ಟೋ ಸಲ ಅದಲ್ಲ.

ಮೊದಲು ಲೆನ್ಸ್ ಮುಂದೆ ಹಾಕುವ ತೆಳು ಗಾಜಿನ ಯುವಿ ಫಿಲ್ಟರ್ ತಿರುಗಿಸಿ ತೆಗೆದು ಒಂದು ಫೋಟೋ ತೆಗೆಯಿರಿ. ಅಂಗಡಿಯವರು ಕ್ಯಾಮೆರಾ ಜೊತೆ ಬಿಟ್ಟಿಯಾಗಿ ಕೊಟ್ಟ ಫಿಲ್ಟರ್ ಆಗಿದ್ದರಂತೂ ತೆಗೆದೇ ನೋಡಿ. ಮಬ್ಬು ಹೋಯಿತಾ? ಕೆಲಸ ಮುಗಿಯಿತು. ಫಿಲ್ಟರಿಗೂ ಲೆನ್ಸಿಗೂ ನಡುವೆ ತೇವ ಸೇರಿ ಪೊರೆ ಕಟ್ಟುವುದು ಮಾಮೂಲು.

ಹೋಗಲಿಲ್ಲವಾ, ಮುಂದಿನ ಗಾಜು ನೋಡಿ. ಬೆರಳಿನ ಗುರುತು, ಮದುವೆ ಮನೆಯ ಒಗ್ಗರಣೆ ಹೊಗೆ, ಊದಿನಕಡ್ಡಿ ಹೊಗೆ, ಎಲ್ಲವೂ ಜಿಡ್ಡಾಗಿ ಕೂರುತ್ತವೆ. ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ. ಆಮೇಲೆ ಬಟ್ಟೆಯ ಮೇಲೆ ಎರಡು ಹನಿ ಲೆನ್ಸ್ ಕ್ಲೀನರ್ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಕ್ಲೀನರ್ ಹನಿಯನ್ನು ನೇರ ಗಾಜಿನ ಮೇಲೆ ಬಿಡಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ. ಅಂಗಿ ಚುಂಗು, ಪಂಚೆ ತುದಿ ಬೇಡ. ನಮ್ಮ ಕಡೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಗೀರುತ್ತದೆ. ಲೆನ್ಸಿನ ಹಿಂಬದಿಯ ಗಾಜನ್ನೂ ಮರೆಯಬೇಡಿ. ಅಲ್ಲಿನ ಒಂದು ಬೆರಳ ಗುರುತು ಮುಂದಿನ ಹತ್ತಕ್ಕೆ ಸಮ.

ಇಷ್ಟು ಮಾಡಿಯೂ ಮಬ್ಬು ಉಳಿದರೆ ಟಾರ್ಚ್ ಪರೀಕ್ಷೆ. ರಾತ್ರಿ ಲೈಟ್ ಆರಿಸಿ. ಫ್ಯಾನ್ ನಿಲ್ಲಿಸಿ. ಕ್ಯಾಮೆರಾ ಆಫ್ ಮಾಡಿ ಲೆನ್ಸ್ ಕಳಚಿ. ಬಾಡಿಗೆ ತಕ್ಷಣ ಮುಚ್ಚಳ ಹಾಕಿ. ಕ್ಯಾನನ್ ಲೆನ್ಸ್ ಆದರೆ ಕಳಚಿದಾಗ ಅದರ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ತೆರೆದೇ ಇರುತ್ತದೆ. ನಿಕಾನ್ ಡಿಎಸ್ಎಲ್ಆರ್‌ನ ಕಿಟ್ ಲೆನ್ಸ್‌ನಲ್ಲಿ ಅದು ಮುಚ್ಚಿಕೊಂಡಿರುತ್ತದೆ. ಹಿಂಬದಿಯಲ್ಲಿ ಒಂದು ಪುಟ್ಟ ಲೋಹದ ಕಡ್ಡಿ ಕಾಣುತ್ತದೆ, ಅದನ್ನು ಮೆಲ್ಲಗೆ ಸರಿಸಿದರೆ ತೆರೆಯುತ್ತದೆ. ಈಗ ಹಿಂದಿನಿಂದ ಟಾರ್ಚ್ ಬಿಡಿ. ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಮುಂದಿನಿಂದ ನೋಡಿ. ಲೆನ್ಸನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ.

ಬಿಡಿ ಬಿಡಿ ಚುಕ್ಕೆಗಳು ಕಂಡರೆ ಅದು ಧೂಳು. ಹೊಸ ಲೆನ್ಸ್‌ನಲ್ಲೂ ಇರುತ್ತದೆ. ಫೋಟೋಗೆ ಏನೂ ಆಗುವುದಿಲ್ಲ, ಬಿಟ್ಟುಬಿಡಿ.

ನೇರ ಗೆರೆ ಇದ್ದರೆ ಗೀರು.

ಗಾಜಿನ ತುಂಬಾ ಒಂದೇ ಸಮನೆ ತೆಳುವಾದ ಪೊರೆ, ಚಳಿಗಾಲದ ಬೆಳಿಗ್ಗೆ ಕಿಟಕಿ ಗಾಜಿನ ಹಾಗೆ? ಅದು ಆವಿ ಅಥವಾ ಒಳಗಿನ ಗ್ರೀಸ್ ಆರಿ ಕೂತ ಜಿಡ್ಡು. ತೇವ ಹೀರುವ ಸಿಲಿಕಾ ಜೆಲ್ ಹಾಕಿ ಮುಚ್ಚಿದ ಒಣ ಡಬ್ಬದಲ್ಲಿ ಎರಡು ದಿನ ಇಟ್ಟು ನೋಡಿ. ಹೋದರೆ ತೇವ, ಹೋಗದಿದ್ದರೆ ಜಿಡ್ಡು.

ಎಳೆ ಎಳೆಯಾಗಿ ಕವಲೊಡೆದಿದ್ದರೆ, ಜೇಡರ ಬಲೆಯ ಹಾಗೆ ಅಥವಾ ಬೇರು ಬಿಟ್ಟ ಹಾಗೆ ಇದ್ದರೆ, ಅದೇ ಬೂಷ್ಟು. ಸಾಮಾನ್ಯವಾಗಿ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಮಾವಿನ ಉಪ್ಪಿನಕಾಯಿ ಜಾಡಿಯಲ್ಲಿ ಅಂಚಿನಿಂದಲೇ ಬಿಳಿ ಕಟ್ಟುತ್ತದಲ್ಲ, ಹಾಗೆ.

ಬೂಷ್ಟು ಕಂಡರೆ ಮುಂದೇನು? ಅಂಚಿನಲ್ಲಿ ಒಂದೆರಡು ಎಳೆ ಅಷ್ಟೇ ಇದ್ದರೆ ಮಾಮೂಲಿ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಬಣ್ಣ ಸಪ್ಪೆಯಾಗುತ್ತದೆ. ಆದರೆ ಸುಮ್ನೆ ಬಿಡುವ ಹಾಗಿಲ್ಲ. ಬೂಷ್ಟು ಬೆಳೆಯುತ್ತಾ ಆಮ್ಲ ಬಿಡುತ್ತದೆ. ಅದು ಮೊದಲು ಗಾಜಿನ ಲೇಪವನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಒಮ್ಮೆ ತಿಂದರೆ ಬೂಷ್ಟು ಒರೆಸಿದರೂ ಅದರ ಗುರುತು ಹೋಗುವುದಿಲ್ಲ. ಆ ಲೆನ್ಸನ್ನು ಬೇರೆ ಡಬ್ಬದಲ್ಲಿಡಿ, ತೇವ ಇಳಿಸಿ. ಒಣಗಿದರೆ ಬೆಳೆಯುವುದು ನಿಲ್ಲುತ್ತದೆ, ಇರುವುದು ಮಾಯವಾಗುವುದಿಲ್ಲ. ಬಿಸಿಲಲ್ಲಿ ಒಣಗಿಸಿದರೆ ಬೂಷ್ಟು ಹೋಗುತ್ತದೆ ಅನ್ನುವುದನ್ನು ನಂಬಬೇಡಿ. ಹಪ್ಪಳ ಸಂಡಿಗೆಗೆ ಸರಿ. ಲೆನ್ಸ್ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಪಟ್ಟಿಗಳ ಮೇಲೆ ಹರಿದರೆ ಒಂದು ತೊಂದರೆಗೆ ಎರಡಾಗುತ್ತದೆ.

ಒಳಗಿನ ಗಾಜು ಬಿಚ್ಚಿ ಒರೆಸುವುದು ರಿಪೇರಿಯವರ ಕೆಲಸ. ಕೊಡುವ ಮೊದಲು ಅಂದಾಜು ಕೇಳಿ. ಕಿಟ್ ಲೆನ್ಸ್ ಆಗಿದ್ದರೆ ಸೆಕೆಂಡ್ ಹ್ಯಾಂಡ್ ಬೆಲೆಯೂ ಕೇಳಿ. ಎರಡೂ ಹತ್ತಿರ ಹತ್ತಿರ ಬಂದರೆ ನಾನಂತೂ ರಿಪೇರಿ ಮಾಡಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದೇ ಟಾರ್ಚ್ ಪರೀಕ್ಷೆಯನ್ನು ಮಾರುವವರ ಮುಂದೆಯೇ ಮಾಡಿ. ಸಂಕೋಚ ಬೇಡ.

## ಬೆಟ್ಟದಲ್ಲಿ ಲೆನ್ಸ್ ಮಂಜಾಗಿ ಕೂತಿತು

ನಂದಿ ಬೆಟ್ಟ 1,478 ಮೀಟರ್ ಎತ್ತರ. ನಸುಕಿನಲ್ಲಿ ಮೇಲೆ ಹೋದರೆ ಮೋಡದೊಳಗೇ ನಿಂತಿರುತ್ತೀರಿ. ಅಲ್ಲಿ ಲೆನ್ಸ್ ಮೇಲೆ ಹನಿ ಕೂರುವುದು ಕ್ಯಾಮೆರಾದ ದೋಷವಲ್ಲ. ಹಾಳಾಗುವುದು ಹೆಚ್ಚಾಗಿ ಇಳಿದು ಬಂದ ಮೇಲೆ.

ಹೇಗೆ ಅಂದರೆ, ತಣ್ಣಗಿರುವ ವಸ್ತು ಬೆಚ್ಚಗಿನ ತೇವದ ಗಾಳಿಗೆ ಬಂದರೆ ಅದರ ಮೇಲೆ ನೀರು ಕಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುತ್ತದಲ್ಲ, ಅದೇ. ಒಂದು ಗಂಟೆ ಚಳಿಯಲ್ಲಿ ನಿಂತ ಕ್ಯಾಮೆರಾವನ್ನು ಐದು ಜನ ತುಂಬಿದ, ಗಾಜು ಏರಿಸಿದ ಕಾರಿನೊಳಗೆ ತಂದರೆ ಎರಡೇ ನಿಮಿಷಕ್ಕೆ ಬೆವರುತ್ತದೆ. ಮಳೆಗಾಲದಲ್ಲಿ ಇದು ಉಲ್ಟಾ. ಎಸಿ ಕಾರಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ದೇವರಾಯನದುರ್ಗದಲ್ಲಿ ಇಳಿದ ತಕ್ಷಣ ಹೊರಗೆ ತೆಗೆದರೆ ಅಲ್ಲೂ ಅದೇ ಕಥೆ.

ಮೊದಲು ಮುಂದಿನ ಗಾಜನ್ನು ಬಟ್ಟೆಯಿಂದ ಒಮ್ಮೆ ತಾಗಿಸಿ ನೋಡಿ. ಮಂಜು ಬಟ್ಟೆಗೆ ಬಂದರೆ ಹೊರಗಿನದು. ಬಾರದಿದ್ದರೆ ಒಳಗಿನದು. ಹೊರಗಿನದಾದರೆ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ಕ್ಯಾಮೆರಾ ಗಾಳಿಯ ಬಿಸಿಗೆ ಹೊಂದಿಕೊಂಡರೆ ತಾನೇ ಹೋಗುತ್ತದೆ. ಒಳಗಿನದಾದರೆ ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ, ಕಾರ್ಡ್ ತೆಗೆಯಿರಿ. ಅಲ್ಲೇ ಲೆನ್ಸ್ ಮಾತ್ರ ಕಳಚಬೇಡಿ. ಕಳಚಿದರೆ ಬಾಡಿಯೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮುಂದೆಯೂ ಅದೇ ತೇವದ ಗಾಳಿ ಸೇರುತ್ತದೆ. ಮನೆಗೆ ಬಂದು ಸಿಲಿಕಾ ಜೆಲ್ ಜೊತೆ ಒಂದು ದಿನ ಮುಚ್ಚಿದ ಡಬ್ಬದಲ್ಲಿಡಿ.

ಹೇರ್ ಡ್ರೈಯರ್ ಬೇಡ. ಬಿಸಿ ಗಾಳಿ ತೇವವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ. ಅಕ್ಕಿ ಹೀರುವುದು ಕಡಿಮೆ, ಅದರ ಹಿಟ್ಟಿನ ಧೂಳು ಬಟನ್ ಸಂದಿಗೆ ಸೇರುವುದು ಜಾಸ್ತಿ.

ತಡೆಯುವುದು ಸುಲಭ. ಬೆಟ್ಟದಿಂದ ಇಳಿಯುವಾಗ ಕಾರು ಹತ್ತುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ. ಮನೆಗೆ ಬಂದು ಅರ್ಧ ಗಂಟೆ ತೆರೆಯಬೇಡಿ. ಬೆವರುವುದೇನಿದ್ದರೂ ಕವರ್ ಬೆವರುತ್ತದೆ. ಫೋಟೋ ನೋಡುವ ಆತುರ ಇದ್ದರೆ ಮೆಮೊರಿ ಕಾರ್ಡನ್ನು ಬೆಟ್ಟದ ಮೇಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಒಂದು ದಿನ ಡಬ್ಬದಲ್ಲಿಟ್ಟರೂ ಒಳಗಿನ ಮಂಜು ಹೋಗದಿದ್ದರೆ, ಅಥವಾ ಪರದೆಯ ಒಳಗೆ ಹನಿ ಕಂಡರೆ, ಆನ್ ಮಾಡದೆ ರಿಪೇರಿಗೆ ಕೊಡಿ.

## ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿ ಚುಕ್ಕೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ನೋಡಲು ಹೋಗಿ ಬಂದವರ ಮಾಮೂಲು ದೂರು ಇದು. ಬಯಲು, ಗಾಳಿ, ಧೂಳು. ಅಲ್ಲಿ ನಿಂತು ಲೆನ್ಸ್ ಬದಲಾಯಿಸಿದರೆ ಸೆನ್ಸರ್ ಮೇಲೆ ಧೂಳು ಕೂರದೆ ಇನ್ನೇನಾಗುತ್ತದೆ?

ಮೊದಲು, ಚುಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಮಾತ್ರವೋ ಫೋಟೋದಲ್ಲೂ ಇದೆಯೋ ನೋಡಿ. ವ್ಯೂಫೈಂಡರಿನಲ್ಲಿ ಮಾತ್ರ ಇದ್ದರೆ ಅದು ಡಿಎಸ್ಎಲ್ಆರ್ ಒಳಗಿನ ಕನ್ನಡಿ ಅಥವಾ ಅದರ ಮೇಲಿನ ಪರದೆಯ ಧೂಳು. ಫೋಟೋಗೆ ಸಂಬಂಧವಿಲ್ಲ. ಆ ಕನ್ನಡಿಯನ್ನು ಬೆರಳಿಂದ, ಬಟ್ಟೆಯಿಂದ ಮುಟ್ಟಲೇಬೇಡಿ. ಅದರ ಲೇಪ ಮೇಲ್ಗಡೆಯೇ ಇರುತ್ತದೆ, ಕಿತ್ತು ಬರುತ್ತದೆ.

ಫೋಟೋದಲ್ಲೂ ಇದ್ದರೆ ಅಪರ್ಚರ್ ಅನ್ನು ಎಫ್/16 ಅಥವಾ ಎಫ್/22ಕ್ಕೆ ಇಟ್ಟು (ಕಿಂಡಿ ಸಣ್ಣದಾಗುತ್ತದೆ), ಫೋಕಸ್ ತಪ್ಪಿಸಿ, ತಿಳಿ ಆಕಾಶ ಅಥವಾ ಬಿಳಿ ಗೋಡೆಯ ಫೋಟೋ ತೆಗೆಯಿರಿ. ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಫೋಟೋದ ಮೇಲ್ಭಾಗದ ಚುಕ್ಕೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ, ಯಾಕೆಂದರೆ ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡಿಯೇ ಒಳಗೆ ಬಿಡುತ್ತದೆ.

ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಇದ್ದರೆ ಎರಡು ಮೂರು ಸಲ ಓಡಿಸಿ. ಸಾಲದಿದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಡಿಎಸ್ಎಲ್ಆರ್ ಆದರೆ ಕನ್ನಡಿ ಮೇಲೆತ್ತುವ ಕ್ಲೀನಿಂಗ್ ಮೋಡ್ ಆರಿಸಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬ್ಲೋವರ್‌ನಿಂದ ಊದಿ. ಅರ್ಧ ಚಾರ್ಜಿನಲ್ಲಿ ಮಾಡಬೇಡಿ, ನಡುವೆ ಬ್ಯಾಟರಿ ಸತ್ತರೆ ಕನ್ನಡಿ ಕೆಳಗೆ ಬೀಳುತ್ತದೆ. ಬ್ಲೋವರಿನ ಮೂತಿ ಒಳಗೆ ತಾಗಬಾರದು. ಬಾಯಲ್ಲಂತೂ ಊದಲೇಬೇಡಿ. ಎಂಜಲು ಹನಿ ಸೆನ್ಸರ್ ಮೇಲೆ ಬಿದ್ದರೆ ಧೂಳು ಎಷ್ಟೋ ವಾಸಿ ಅನಿಸುತ್ತದೆ.

ಊದಿದರೂ ಅಲುಗದ ಚುಕ್ಕೆ ಅಂಟಿದ ಧೂಳು. ಒದ್ದೆ ಸ್ವಾಬ್ ಹಾಕಿ ಒರೆಸುವ ಕೆಲಸಕ್ಕೆ ಮೊದಲ ಸಲ ಗೊತ್ತಿದ್ದವರ ಹತ್ತಿರ ಹೋಗಿ.

## ಆನ್ ಆಗುತ್ತಿಲ್ಲ, ಅಥವಾ ಲೆನ್ಸ್ ಎರರ್ ತೋರಿಸುತ್ತಿದೆ

ಬ್ಯಾಟರಿ ಚಾರ್ಜ್ ಮಾಡಿದ್ದೀರಾ? ನಗಬೇಡಿ. ಆರು ತಿಂಗಳು ಬೀರುವಿನಲ್ಲಿದ್ದ ಬ್ಯಾಟರಿ ತಾನೇ ಇಳಿದಿರುತ್ತದೆ. ಬ್ಯಾಟರಿ ಬಾಗಿಲು, ಕಾರ್ಡ್ ಬಾಗಿಲು ಟಿಕ್ ಅನ್ನುವ ಹಾಗೆ ಮುಚ್ಚಿದೆಯಾ ನೋಡಿ. ಸರಿಯಾಗಿ ಮುಚ್ಚದಿದ್ದರೆ ಕೆಲವು ಕ್ಯಾಮೆರಾ ಸುಮ್ಮನೆ ಕೂರುತ್ತವೆ.

ಆಮೇಲೆ ಲೋಹದ ಸಂಪರ್ಕ ಬಿಂದುಗಳು. ಬ್ಯಾಟರಿಯ ಮೇಲೆ, ಲೆನ್ಸಿನ ಹಿಂದೆ ಸಾಲಾಗಿ ಚಿನ್ನದ ಬಣ್ಣದ ಚುಕ್ಕೆಗಳಿರುತ್ತವೆ. ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ, ಬಣ್ಣ ಮಾಸಿದ್ದರೆ, ತೇವ ಕೆಲಸ ಮಾಡಿದೆ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಕ್ಯಾಮೆರಾಗೂ ಲೆನ್ಸಿಗೂ ಮಾತುಕತೆ ನಿಂತಿದೆ, ಆ ಬಿಂದುಗಳನ್ನು ಒರೆಸಿ ಅಂತಲೇ ಅರ್ಥ. ಲೆನ್ಸ್ ಫೋಕಸ್ ಹುಡುಕುತ್ತಾ ಹಿಂದೆ ಮುಂದೆ ಓಡುತ್ತಿದ್ದರೂ ಇದನ್ನೇ ಮೊದಲು ನೋಡಿ. ಒಣ ಮೈಕ್ರೋಫೈಬರ್ ಸಾಕು. ಹೋಗದಿದ್ದರೆ ಹತ್ತಿ ಕಡ್ಡಿಗೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ ಹಾಕಿ ಒರೆಸಿ, ಐದು ನಿಮಿಷ ಆರಲು ಬಿಡಿ. ಹತ್ತಿರ ದೀಪ, ಒಲೆ ಇರಬಾರದು. ಕೈ ತೊಳೆಯುವ ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ಜಿಡ್ಡೂ ನೀರೂ ಇರುತ್ತವೆ. ಮಕ್ಕಳ ರಬ್ಬರಿನಿಂದ ಉಜ್ಜುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ರಬ್ಬರಿನ ಪುಡಿ ಬಾಡಿಯೊಳಗೆ ಉದುರುತ್ತದೆ.

ಬ್ಯಾಟರಿ ಉಬ್ಬಿದ್ದರೆ, ಜಾಗದಿಂದ ಹೊರಗೆ ಬರಲು ಬಿಗಿಯಾಗಿದ್ದರೆ, ಮುಗಿಯಿತು. ಚಾರ್ಜಿಗೆ ಹಾಕಬೇಡಿ, ಚಾಕುವಿನಿಂದ ಮೀಟಬೇಡಿ. ಲಿಥಿಯಂ ಬ್ಯಾಟರಿಗೆ ತೂತಾದರೆ ಬೆಂಕಿ. ಹಾಗೇ ಅಂಗಡಿಗೆ ಒಯ್ಯಿರಿ.

ಜೂಮ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಮರಳು. ಬಲ ಹಾಕಿದಷ್ಟೂ ಅರೆಯುತ್ತದೆ. ನಿಲ್ಲಿಸಿ.

## ನೀರು ಬಿತ್ತು, ಎಳನೀರು ಚೆಲ್ಲಿತು

ಆನ್ ಆಗುತ್ತದಾ ಅಂತ ನೋಡುವ ಚಟವೇ ಕ್ಯಾಮೆರಾ ಕೊಲ್ಲುವುದು. ಬ್ಯಾಟರಿ ತೆಗೆಯಿರಿ. ಕಾರ್ಡ್ ತೆಗೆಯಿರಿ. ಹೊರಗಿನ ನೀರನ್ನು ಒತ್ತಿ ಹೀರಿಸಿ. ಎರಡು ಹನಿ ಮಳೆಯಾದರೆ ಒಣ ಡಬ್ಬದಲ್ಲಿ ಒಂದೆರಡು ದಿನ ಇಟ್ಟ ಮೇಲೆ ನೋಡಬಹುದು. ಎಳನೀರು, ಕಾಫಿ, ಕೂಲ್ ಡ್ರಿಂಕ್ಸ್ ಆದರೆ ನೀರು ಆರಿದರೂ ಸಕ್ಕರೆ, ಉಪ್ಪು ಒಳಗೇ ಉಳಿದು ತಂತಿ ತಿನ್ನುತ್ತವೆ. ಕಾಯದೆ ರಿಪೇರಿಗೆ ಕೊಡಿ. ಏನು ಬಿತ್ತು ಅಂತ ಮುಚ್ಚಿಡದೆ ಹೇಳಿ.

## ಹಿಡಿಕೆ ಅಂಟಂಟು, ಬ್ಯಾಗಿಗೆ ಮುಗ್ಗಲು ವಾಸನೆ

ತಿಪಟೂರು ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಅಟ್ಟದ ಕೊಬ್ಬರಿಗೆ ಬೂಷ್ಟು ಬಂದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕ್ಯಾಮೆರಾ ಬ್ಯಾಗೂ ಹಾಗೆ. ಜಿಪ್ ತೆಗೆದ ತಕ್ಷಣ ಮೂಗು ಇಟ್ಟು ನೋಡಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಲೆನ್ಸ್ ಇನ್ನೂ ಚೆನ್ನಾಗಿದ್ದರೂ ಹೆಚ್ಚು ದಿನ ಇರುವುದಿಲ್ಲ.

ಬ್ಯಾಗು ಕ್ಯಾಮೆರಾ ಹೊತ್ತು ತಿರುಗಲು, ಇಡಲು ಅಲ್ಲ. ಒಳಗಿನ ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಬ್ಯಾಗನ್ನು ಖಾಲಿ ಮಾಡಿ, ಒಳಗಿನ ತಡೆಗಳನ್ನೆಲ್ಲ ಕಿತ್ತು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಬ್ಯಾಗಿಗೆ ಬಿಸಿಲು ಒಳ್ಳೆಯದೇ, ಕ್ಯಾಮೆರಾಗಷ್ಟೇ ಬೇಡ. ಚರ್ಮದ ಕವರಿಗೆ ಬೂಷ್ಟು ಬಂದಿದ್ದರೆ ಬಿಸಾಡಿ.

ರಬ್ಬರ್ ಹಿಡಿಕೆಯ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ. ಕೆಲವೊಮ್ಮೆ ಅದು ರಬ್ಬರಿನಿಂದಲೇ ಹೊರಬರುವ ಪದಾರ್ಥ. ಸ್ವಲ್ಪ ತೇವ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಬಿಸಿಲು, ಬೆವರು, ವಯಸ್ಸಿನಿಂದ ಅಂಟಂಟಾದ ರಬ್ಬರ್ ಸರಿಹೋಗುವುದಿಲ್ಲ. ಹಿಡಿಕೆ ಬದಲಾಯಿಸಬಹುದು.

ಬೀರುವಿನಲ್ಲಿ ರೇಷ್ಮೆ ಸೀರೆ ಪಕ್ಕದಲ್ಲಿ ಇಡುತ್ತೀರಾ? ಅಲ್ಲಿ ನುಸಿ ಗುಳಿಗೆ ಇರುತ್ತದೆ ಅಲ್ವಾ? ನುಸಿ ಗುಳಿಗೆ, ಕರ್ಪೂರ ಇರುವ ಕಡೆ ಕ್ಯಾಮೆರಾ ಇಡಬಾರದು ಅಂತ ತಯಾರಕರ ಕೈಪಿಡಿಗಳಲ್ಲೇ ಬರೆದಿರುತ್ತದೆ. ಅದರ ಆವಿ ಪ್ಲಾಸ್ಟಿಕ್ಕಿಗೂ ಒಳಗಿನ ಭಾಗಕ್ಕೂ ಒಳ್ಳೆಯದಲ್ಲ.

## ಡಬ್ಬದಲ್ಲಿಟ್ಟರೂ ತೇವ ಇಳಿಯುತ್ತಿಲ್ಲ

ಕ್ಯಾಮೆರಾಗೆ ಹಿತ ಅನ್ನಿಸುವ ತೇವಾಂಶ ಶೇ 40ರಿಂದ 50. ಶೇ 60 ದಾಟಿದರೆ ಎಚ್ಚರ. ಶೇ 65-70ರ ಮೇಲೆ ದಿನಗಟ್ಟಲೆ ನಿಂತರೆ, ಜೊತೆಗೆ ಕತ್ತಲೆ, ಆಡದ ಗಾಳಿ, ಸ್ವಲ್ಪ ಧೂಳು ಸಿಕ್ಕರೆ ಬೂಷ್ಟಿಗೆ ಅದೇ ಅರಮನೆ. ಶೇ 30ಕ್ಕಿಂತ ಇಳಿಸುವ ಹುಚ್ಚೂ ಬೇಡ. ರಬ್ಬರ್, ಗ್ರೀಸ್ ಒಣಗುತ್ತವೆ.

ಸೆಪ್ಟೆಂಬರ್ ಕೊನೆಯಿಂದ ಹಸ್ತ, ಚಿತ್ತ, ಸ್ವಾತಿ ಮಳೆ ಮುಗಿಯುವವರೆಗೆ ನಮ್ಮ ಕಡೆ ಕಷ್ಟದ ಕಾಲ. ನನ್ನ ಮನೆಯಲ್ಲಿ ಆಗ ಹಾಲ್‌ನಲ್ಲಿ ಶೇ 68 ಇದ್ದರೆ ಬೀರುವಿನ ಕೆಳಗಿನ ಖಾನೆಯಲ್ಲಿ ಶೇ 81 ಇರುತ್ತದೆ. ಮೇಲಿನ ಖಾನೆಯಲ್ಲಿ ಶೇ 70. ಒಂದೇ ಬೀರು!

ತೇವ ಇಳಿಯುತ್ತಿಲ್ಲ ಅನಿಸಿದರೆ ಮೊದಲು ಮೀಟರನ್ನೇ ಅನುಮಾನಿಸಿ. ಪರೀಕ್ಷೆಗೆ ಒಂದು ಮುಚ್ಚಳ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರಿನಲ್ಲಿ ಹಾಕಿ ಗಾಳಿಯಾಡದಂತೆ ಮುಚ್ಚಿ. ಉಪ್ಪು ಮೀಟರಿಗೆ ತಾಗಬಾರದು. ರಾತ್ರಿ ಇಟ್ಟರೆ ಬೆಳಿಗ್ಗೆ ನೋಡಿ. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಶೇ 75ಕ್ಕೆ ತಂದು ನಿಲ್ಲಿಸುತ್ತದೆ. ನನ್ನ ಮೀಟರ್ 69 ತೋರಿಸಿತು. ಅಂದರೆ ಅದು ಆರು ಕಡಿಮೆ ಹೇಳುತ್ತದೆ. ಅದರ ಬೆನ್ನ ಮೇಲೆ ಪೆನ್ನಿನಲ್ಲಿ "+6" ಅಂತ ಬರೆದಿಟ್ಟಿದ್ದೇನೆ. ಮೇಲೆ ಹೇಳಿದ ನನ್ನ ಮನೆಯ ಅಂಕಿಗಳೆಲ್ಲ ಆ ಆರು ಸೇರಿಸಿದ ಮೇಲಿನವು.

ಮೀಟರ್ ಸರಿ ಇದ್ದರೆ ಡಬ್ಬ. ಅಡುಗೆಮನೆಯಲ್ಲಿ ಬೇಳೆಗೆ ಬಳಸುವ, ಮುಚ್ಚಳದಲ್ಲಿ ರಬ್ಬರ್ ರಿಂಗ್ ಇರುವ, ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬವೇ ಸಾಕು. ಮುಚ್ಚಳದ ಸಂದಿಯಲ್ಲಿ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಆ ಕಡೆ ಗಾಳಿ ನುಗ್ಗುತ್ತಿದೆ. ನಾಲ್ಕೂ ಕಡೆ ನೋಡಿ.

ಡಬ್ಬವೂ ಸರಿ ಇದ್ದರೆ ಸಿಲಿಕಾ ಜೆಲ್. ಶೂ ಡಬ್ಬದಿಂದ ಎತ್ತಿಟ್ಟ ಪುಟ್ಟ ಪೊಟ್ಟಣಗಳನ್ನು ನಂಬಬೇಡಿ. ನಿಮ್ಮ ಕೈಗೆ ಬರುವಷ್ಟರಲ್ಲಿ ಅವು ಹೊಟ್ಟೆ ತುಂಬಾ ಕುಡಿದಿರುತ್ತವೆ. ಬಣ್ಣ ಬದಲಾಯಿಸುವ ಜೆಲ್ ತನ್ನಿ. ನೀಲಿಯದು ತೇವ ಹೀರಿದಾಗ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಮಕ್ಕಳಿರುವ ಮನೆಗೆ ಕಿತ್ತಳೆಯೇ ವಾಸಿ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಹತ್ತು ಲೀಟರ್ ಡಬ್ಬಕ್ಕೆ ನಾನು 150 ಗ್ರಾಂ ಹಾಕುತ್ತೇನೆ. ಬಟ್ಟೆಯ ಚೀಲದಲ್ಲಿ ಹಾಕಿ, ಬಿಡಿಯಾಗಿ ಸುರಿಯಬೇಡಿ.

ಬಣ್ಣ ಹೋದ ಜೆಲ್ ಬಿಸಾಡಬೇಕಿಲ್ಲ. ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಣ್ಣ ಬರುತ್ತದೆ. ಅದಕ್ಕೆಂದೇ ಒಂದು ಹಳೇ ತಟ್ಟೆ ಇಡಿ, ಆ ತಟ್ಟೆ ಮತ್ತೆ ಊಟಕ್ಕೆ ಬರಬಾರದು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಿಡಿ, ಬಿಸಿ ಜೆಲ್ ಕ್ಯಾಮೆರಾ ಡಬ್ಬಕ್ಕೆ ಹಾಕಬೇಡಿ.

ಹಳಬರು ಬೀರುವಿನಲ್ಲಿ ಜೀರೋ ಬಲ್ಬ್ ಉರಿಸುತ್ತಿದ್ದರು. ಆ ಬಲ್ಬ್ ಬಿಸಿಯಾಗುತ್ತಿತ್ತು, ಅದಕ್ಕೆ ಕೆಲಸ ಮಾಡುತ್ತಿತ್ತು. ಈಗಿನ ಎಲ್ಇಡಿ ಜೀರೋ ಬಲ್ಬ್ ಬೆಳಕು ಕೊಡುತ್ತದೆ ಅಷ್ಟೇ. ಹಳೇ ಬಲ್ಬೇ ಹುಡುಕಿ ಹಾಕಿದರೆ ಬಟ್ಟೆ ಪಕ್ಕದಲ್ಲಿ ಬೆಂಕಿಯ ಭಯ. ಲೆನ್ಸ್ ಎರಡು ಮೂರಕ್ಕಿಂತ ಜಾಸ್ತಿ ಆದಾಗ ತೇವ ತಾನೇ ಇಳಿಸುವ ಕರೆಂಟಿನ ಡ್ರೈ ಕ್ಯಾಬಿನೆಟ್ ಯೋಚಿಸಿ. ಒಂದು ಕಿಟ್ ಲೆನ್ಸಿಗೆ ಅದು ದುಬಾರಿ ಆಯಿತು.

ಒಂದು ಮಾತು ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವವರಿಗೆ. ನಮ್ಮ ಅತ್ತೆ ಮನೆಯಲ್ಲೂ ಹುಳು ಮೇಯಿಸುತ್ತಾರೆ. ಹುಳದ ಮನೆಯಲ್ಲಿ ತೇವಾಂಶ ಶೇ 70ರಿಂದ 85 ಇರಲೇಬೇಕು, ಇಲ್ಲದಿದ್ದರೆ ಸೊಪ್ಪು ಬಾಡುತ್ತದೆ. ಅದಕ್ಕೇ ಒದ್ದೆ ಗೋಣಿ ಕಟ್ಟುತ್ತಾರೆ. ಹುಳಕ್ಕೆ ಹಿತವಾದ ಆ ಹವೆ ಬೂಷ್ಟಿಗೂ ಹಿತ. ಸೋಂಕು ತೊಳೆಯಲು ಬ್ಲೀಚಿಂಗ್ ಪೌಡರ್ ಬಳಸಿದ ದಿನ ಅದರ ಆವಿ ಲೋಹದ ಬಿಂದುಗಳನ್ನೂ ತಿನ್ನುತ್ತದೆ. ಕ್ಯಾಮೆರಾವನ್ನು ಹುಳದ ಮನೆಗೆ ಅಂಟಿದ ಕೋಣೆಯಲ್ಲಿ ಇಡಬೇಡಿ. ಆದರೆ ಆ ಮನೆಯವರಿಗೆ ಒಂದು ಅನುಕೂಲ ಇದೆ. ತೇವಾಂಶದ ಮೀಟರ್ ಗೋಡೆಯ ಮೇಲೆ ಆಗಲೇ ತೂಗುತ್ತಿರುತ್ತದೆ, ಓದಲು ಮಾವನಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಡಬ್ಬಕ್ಕೆ ಹಾಕುವಾಗ ಬ್ಯಾಟರಿ ಹೊರಗೆ ತೆಗೆದು, ಅರ್ಧ ಚಾರ್ಜಿನಲ್ಲಿಡಿ. ತಿಂಗಳಿಗೆ ಒಮ್ಮೆ ಕ್ಯಾಮೆರಾ ಹೊರಗೆ ತೆಗೆದು ನಾಲ್ಕಾರು ಸಲ ಕ್ಲಿಕ್ ಮಾಡಿ, ಜೂಮ್ ಹಿಂದೆ ಮುಂದೆ ತಿರುಗಿಸಿ. ಅಮಾವಾಸ್ಯೆಗೆ ಗಾಡಿ ತೊಳೆಯುವ ದಿನ ನಾನು ಇದನ್ನೂ ಮಾಡುತ್ತೇನೆ, ಮರೆಯುವುದಿಲ್ಲ.

## ರಿಪೇರಿಗೆ ಕೊಡುವಾಗ

ತೊಂದರೆ ಕಾಣುವ ಎರಡು ಫೋಟೋ, ಟಾರ್ಚ್ ಬಿಟ್ಟಾಗ ಲೆನ್ಸ್ ಒಳಗೆ ಕಂಡದ್ದರ ಒಂದು ಫೋಟೋ ಫೋನಿನಲ್ಲಿಟ್ಟುಕೊಂಡು ಹೋಗಿ. ಬಾಡಿ, ಲೆನ್ಸ್ ಎರಡರ ಸೀರಿಯಲ್ ನಂಬರನ್ನೂ ರಸೀದಿಯಲ್ಲಿ ಬರೆಸಿ. ಕಾರ್ಡ್, ಬೆಲ್ಟ್, ಫಿಲ್ಟರ್ ಮನೆಯಲ್ಲೇ ಬಿಡಿ. ಬಿಚ್ಚುವ ಮೊದಲು ಅಂದಾಜು ಹೇಳಬೇಕು, ಬೇಡ ಅಂದರೆ ನೋಡಿದ ಚಾರ್ಜ್ ಎಷ್ಟು ಅಂತ ಮೊದಲೇ ಕೇಳಿ. ವಾರಂಟಿ ಇದ್ದರೂ ಬೂಷ್ಟು, ನೀರು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ನನ್ನ ಲೆನ್ಸನ್ನು ಬಿಚ್ಚಿ ಒರೆಸಿ ಕೊಟ್ಟರು. ಎಳೆಗಳು ಹೋದವು, ಅಂಚಿನಲ್ಲಿ ಉಗುರಿನಷ್ಟು ಜಾಗದಲ್ಲಿ ಲೇಪ ತಿಂದ ಗುರುತು ಉಳಿದಿದೆ. ಬೆಳಕು ನನ್ನ ಬೆನ್ನ ಹಿಂದೆ ಇದ್ದರೆ ಗೊತ್ತೇ ಆಗುವುದಿಲ್ಲ. ಎಳ್ಳು ಬೀರುವ ಫೋಟೋಗೆ ಮಗಳನ್ನು ಈಗ ಬಾಗಿಲಿಗೆ ಮುಖ ಮಾಡಿ ನಿಲ್ಲಿಸುತ್ತೇನೆ.